ವರದಿಯಲ್ಲಿ ನೀರು ಚೆನ್ನಾಗಿದೆ, ಕೆಸರಿನಲ್ಲಿ ಕೆಂಪು ಹುಳು

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನ ನಮ್ಮೂರಿನ ಹಳ್ಳ ಮುಂದೆ ತುಂಗೆಯನ್ನು ಸೇರುತ್ತದೆ. ಜನವರಿಯಲ್ಲಿ ನೀರನ್ನು ಪರೀಕ್ಷೆಗೆ ಕಳುಹಿಸಿದಾಗ ಎಲ್ಲವೂ ಸರಿ ಎಂಬ ವರದಿ ಬಂತು. ಆದರೆ ನಮ್ಮ ಶಾಲೆಯ ಮಕ್ಕಳಿಗೆ ಸೇತುವೆಯ ಕೆಳಗಿನ ಕೆಸರಿನಲ್ಲಿ ಕೆಂಪು ಹುಳುಗಳು ಸಿಕ್ಕಿವೆ. ಯಾವುದನ್ನು ನಂಬಬೇಕು?
– ಒಬ್ಬ ಶಿಕ್ಷಕಿ

ಉತ್ತರ: ಎರಡನ್ನೂ ನಂಬಬಹುದು ಮೇಡಂ, ಆದರೆ ಎರಡೂ ಬೇರೆ ಬೇರೆ ಕಾಲದ ಸುದ್ದಿ ಹೇಳುತ್ತವೆ. ಬಾಟಲಿಗೆ ತುಂಬಿದ ನೀರು ಆ ಗಳಿಗೆಯದು. ಹಿಂದಿನ ವಾರ ಸೇರಿದ ಕೊಳೆ ಅಷ್ಟರಲ್ಲಿ ಗಾಜನೂರಿನ ಕಡೆಗೆ ಹರಿದುಹೋಗಿರುತ್ತದೆ. ತಳದ ಹುಳುಗಳಾದರೋ ವಾರ, ತಿಂಗಳುಗಟ್ಟಲೆ ಅಲ್ಲೇ ಬೆಳೆಯುತ್ತವೆ; ನಡುವೆ ನೀರು ಕೆಟ್ಟರೆ ಸೂಕ್ಷ್ಮವಾದವು ಮೊದಲು ಕಾಣೆಯಾಗುತ್ತವೆ.

ಮಕ್ಕಳು ಕಂಡದ್ದು ಬಹುಶಃ ಕಚ್ಚದ ಒಂದು ಬಗೆಯ ನುಸಿಯ ಮರಿಗಳು. ನಮ್ಮ ರಕ್ತದಲ್ಲಿರುವಂತೆ ಅವುಗಳಲ್ಲಿಯೂ ಹಿಮೋಗ್ಲೋಬಿನ್ ಇದೆ. ಆದ್ದರಿಂದಲೇ ಆ ಕೆಂಪು, ಆದ್ದರಿಂದಲೇ ಆಮ್ಲಜನಕ ಕಡಿಮೆಯಿರುವ ಕೆಸರಿನಲ್ಲಿಯೂ ಬದುಕುತ್ತವೆ. ಹಾಗೆಂದು ಇಷ್ಟಕ್ಕೇ ಹಳ್ಳ ಕೆಟ್ಟಿತೆನ್ನಬೇಡಿ. ಎಲೆ ಕೊಳೆತು ನಿಂತ ಮಡುವಿನಲ್ಲಿ ಅವು ಇರುವುದು ಸಹಜ. ಮೇಲಿನ ಬಿರುಸು ಹರಿವನ್ನು ಕೆಳಗಿನ ಮಡುವಿಗೆ ಹೋಲಿಸುವುದೇ ಈ ಕೆಲಸದಲ್ಲಿ ಆಗುವ ದೊಡ್ಡ ತಪ್ಪು.

ಊರಿನ ಮೇಲೊಂದು, ಕೆಳಗೊಂದು, ಕಲ್ಲಿನ ಮೇಲೆ ನೀರು ನೊರೆಯಾಗಿ ಹರಿಯುವ ಎರಡು ಜಾಗ ಆರಿಸಿಕೊಳ್ಳಿ. ಬಲೆಯನ್ನು ಹರಿವಿಗೆ ಎದುರಾಗಿ ಹಿಡಿದು, ಅದರ ಮುಂದಿನ ತಳವನ್ನು ಮೂರು ನಿಮಿಷ ಕಾಲಿನಿಂದ ಕೆದಕಿ. ಸಿಕ್ಕಿದ್ದನ್ನು ಬಿಳಿ ತಟ್ಟೆಗೆ ಸುರಿದು, ಸಾಮಾನ್ಯವಾಗಿ ಕೊಳೆಯನ್ನು ತಾಳದ ಮೂರು ಬಗೆಯ ಕೀಟಗಳ ಮರಿಗಳನ್ನು ಹುಡುಕಿ. ಚಪ್ಪಟೆ ಮೈ, ಸಾಮಾನ್ಯವಾಗಿ ಮೂರು ಬಾಲ, ಹೊಟ್ಟೆಯ ಪಕ್ಕದಲ್ಲಿ ಕಿವಿರು ಇದ್ದರೆ ಮೇಫ್ಲೈ ಮರಿ. ಎರಡೇ ಬಾಲ, ಪ್ರತಿ ಕಾಲಿಗೂ ಎರಡು ಉಗುರು ಇದ್ದರೆ ಸ್ಟೋನ್‌ಫ್ಲೈ. ಮರಳು, ಕಡ್ಡಿ ಅಂಟಿಸಿ ಗೂಡು ಕಟ್ಟಿಕೊಂಡದ್ದು ಕ್ಯಾಡಿಸ್‌ಫ್ಲೈ. ಆ ಗೂಡನ್ನು ಮಕ್ಕಳಿಗೆ ಭೂತಗನ್ನಡಿಯಲ್ಲಿ ತೋರಿಸಿ, ಅವರು ಅದನ್ನು ಮರೆಯುವುದಿಲ್ಲ.

ಹುಳುಗಳನ್ನು ನೋಡಿ ನೀರಿನ ಗುಣ ಅಳೆಯುವ ಬ್ರಿಟನ್ನಿನ ಬಿಎಂಡಬ್ಲ್ಯುಪಿ ಪದ್ಧತಿ ಇಂಥ ಹುಳುಗಳ ಕುಟುಂಬಗಳಿಗೆ 1ರಿಂದ 10ರವರೆಗೆ ಅಂಕ ಕೊಡುತ್ತದೆ, ಕೊಳೆ ತಾಳದವಕ್ಕೆ ಹೆಚ್ಚು, ತಾಳುವವಕ್ಕೆ ಕಡಿಮೆ: ದೊಡ್ಡ ಸ್ಟೋನ್‌ಫ್ಲೈಗಳ ಒಂದು ಕುಟುಂಬಕ್ಕೆ 10, ನಿಮ್ಮ ಕೆಂಪು ಹುಳುವಿನ ಕುಟುಂಬಕ್ಕೆ 2, ಕೆಸರಿನ ಎರೆಹುಳು ಜಾತಿಗೆ 1. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜೈವಿಕ ಮಾನದಂಡಕ್ಕೂ ಇಂಥದೇ ಅಂಕಗಳ ಆಧಾರವಿದೆ. ನೀವು ಮೊದಲಿಗೆ ಎಷ್ಟು ಬಗೆಗಳಿವೆ ಎಂದು ಎಣಿಸಿದರೆ ಸಾಕು. ಮೇಲೆ ಮೂರೂ ಸಿಕ್ಕಿ, ಕೆಳಗೆ ಕೆಂಪು ಹುಳುವಷ್ಟೇ ಉಳಿದಿದ್ದರೆ ನಡುವೆ ಏನು ಸೇರುತ್ತಿದೆಯೆಂದು ದಂಡೆಯುದ್ದಕ್ಕೂ ನಡೆದು ನೋಡಿ.

ಬಚ್ಚಲ ನೀರಿನ ಜೊತೆಗೆ ಅಡಿಕೆ ತೋಟಗಳನ್ನೂ ಗಮನಿಸಿ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ತಾಮ್ರವಿದೆ. ನೀರಿನ ಹುಳುಗಳಿಗೆ, ಬಸವನಹುಳುಗಳಿಗೆ ಅದು ವಿಷ. ಡ್ರಮ್ಮು, ಪಂಪುಗಳನ್ನು ಹಳ್ಳದಲ್ಲಿ ತೊಳೆಯಬೇಡಿರೆಂದು ತೋಟದವರನ್ನು ದಯವಿಟ್ಟು ಕೇಳಿಕೊಳ್ಳಿ.

ಮಳೆಗಾಲದಲ್ಲಿ ಹಳ್ಳಕ್ಕಿಳಿಯಬೇಡಿ. ಅಪಾಯ ಒಂದು, ಪ್ರವಾಹ ಹುಳುಗಳನ್ನು ಕೊಚ್ಚಿಕೊಂಡು ಹೋಗಿರುವುದರಿಂದ ಎಣಿಕೆಯೂ ತಪ್ಪುತ್ತದೆ. ಡಿಸೆಂಬರ್‌ನಿಂದ ಫೆಬ್ರುವರಿಯ ಒಳಗೆ ಮಾಡಿ, ಎಣಿಸಿದ ಮೇಲೆ ಹುಳುಗಳನ್ನು ಅಲ್ಲೇ ಬಿಡಿ. ಸ್ಟೋನ್‌ಫ್ಲೈ ಸಿಕ್ಕಿತೆಂದು ಮಕ್ಕಳು ಆ ನೀರನ್ನು ಕುಡಿಯದಿರಲಿ. ಕಾಯಿಲೆ ತರುವ ಬ್ಯಾಕ್ಟೀರಿಯಾಗಳನ್ನು ಪತ್ತೆಹಚ್ಚಲು ಪ್ರಯೋಗಾಲಯವೇ ಬೇಕು.