ಎಸ್ಟೇಟ್ ಶೆಡ್ಡಲ್ಲಿ ಒಂಬತ್ತು ವರ್ಷ ನಿಂತ ಸ್ಯಾನ್ ಸ್ಟಾರ್ಮ್ ತಗೋಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ಮೂಡಿಗೆರೆ ಕಡೆ ಒಂದು ಕಾಫಿ ಎಸ್ಟೇಟಲ್ಲಿ ಒಂಬತ್ತು ವರ್ಷದಿಂದ ನಿಂತಿರೋ ಸ್ಯಾನ್ ಸ್ಟಾರ್ಮ್ (ಎರಡೇ ಸೀಟಿನ, ಟಾಪ್ ತೆಗೆಯೋ ಸ್ಪೋರ್ಟ್ಸ್ ಕಾರು) ಮಾರಾಟಕ್ಕಿದೆ, ಭಾನುವಾರ ಬಂದ್ರೆ ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಿ ತೋರಿಸ್ತೀವಿ ಅಂದಿದ್ದಾರೆ, ಏನೇನು ನೋಡಬೇಕು?

ಮೊದಲು ಅವರಿಗೆ ಫೋನ್ ಮಾಡಿ, ದಯವಿಟ್ಟು ಸ್ಟಾರ್ಟ್ ಮಾಡಬೇಡಿ ಅಂತ ಹೇಳಿ.

ಆರು ವರ್ಷದ ಹಿಂದೆ ನಾನು ಆಲ್ದೂರಿನ ಹತ್ತಿರ ಇಂಥದ್ದೇ ಒಂದು ಸ್ಯಾನ್ ಸ್ಟಾರ್ಮ್ ತಗೊಂಡೆ. ಅವತ್ತು ಎಸ್ಟೇಟಿನ ಲೆಕ್ಕ ಬರೆಯೋ ರೈಟ್ರು ಜೀಪಿನ ಬ್ಯಾಟರಿ ಬಿಚ್ಚಿ ತಂದು ಸೆಲ್ಫ್ ಹೊಡೆದ್ರು. ನಾಲ್ಕನೇ ಸಲಕ್ಕೆ ಎಂಜಿನ್ ಕೆಮ್ಮಿ, ಶೆಡ್ ತುಂಬ ಹೊಗೆ ಬಿಟ್ಟು, ಹತ್ತು ನಿಮಿಷ ಓಡಿತು. ನನಗೋ ಖುಷಿ, ಅಲ್ಲೇ ಅಡ್ವಾನ್ಸ್ ಎಣಿಸಿದೆ. ಮುಂದಿನ ವಾರ ಲಾರಿಗೆ ಹತ್ತಿಸಿ ಮನೆಗೆ ತಂದ್ರೆ ಸ್ಟಾರ್ಟೇ ಇಲ್ಲ. ಟ್ಯಾಂಕ್ ಇಳಿಸಿದ್ರೆ ತಳದಲ್ಲಿ ಪೆಟ್ರೋಲು ಜೋನಿಬೆಲ್ಲ ಆಗಿ ಕೂತಿತ್ತು. ಪಂಪು ಅದನ್ನೇ ಎಳೆದು ಇಂಜೆಕ್ಟರಿಗೆ ತುಂಬಿತ್ತು. ಏರ್ ಫಿಲ್ಟರ್ ಡಬ್ಬ ತೆಗೆದ್ರೆ ಅಚ್ಚುಕಟ್ಟಾದ ಇಲಿಗೂಡು: ಸಿಲ್ವರ್ ಓಕ್ ಎಲೆ, ಕಾಫಿ ಹೊಟ್ಟು, ಗೋಣಿ ನಾರು, ನಡುವೆ ನನ್ನದೇ ಸೀಟಿನ ಸ್ಪಂಜು. ಫಿಲ್ಟರ್ ಪೇಪರಿನ ಒಂದು ಮೂಲೆ ಪೂರ್ತಿ ತಿಂದು ಹಾಕಿತ್ತು. ಆ ತೂತಿನಿಂದ ಎಂಜಿನ್ ಒಳಗೆ ಏನೇನು ಹೋಯ್ತೋ, ದೇವರಿಗೇ ಗೊತ್ತು. ಪಂಪು, ನಾಲ್ಕು ಇಂಜೆಕ್ಟರು, ಮೂರು ತಿಂಗಳು, ಎಲ್ಲ ಆ ಹತ್ತು ನಿಮಿಷದ ಬಾಬ್ತು.

ಹಾಗಾದ್ರೆ ಎಂಜಿನ್ ಸರಿ ಇದೆ ಅಂತ ಗೊತ್ತಾಗೋದು ಹೇಗೆ? ಸ್ಪಾರ್ಕ್ ಪ್ಲಗ್ ನಾಲ್ಕೂ ಬಿಚ್ಚಿಸಿ. ಒಂದೊಂದು ಸಿಲಿಂಡರಿಗೆ ಒಂದು ಚಮಚದಷ್ಟು ಎಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಹಾಗೇ ಇರಲಿ. ಮಾರನೇ ದಿನ ಗೇರ್ ನ್ಯೂಟ್ರಲ್ಲಿಗೆ ಹಾಕಿ, ಕ್ರ್ಯಾಂಕ್ ಪುಲ್ಲಿಯ (ಎಂಜಿನ್ ಪಕ್ಕದಲ್ಲಿ ಬೆಲ್ಟ್ ತಿರುಗಿಸೋ ಚಕ್ರ) ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ತಿರುಗಿಸಿ. ಎಲ್ಲೂ ತಡೆಯದೆ ಪೂರ್ತಿ ಎರಡು ಸುತ್ತು ಬಂದ್ರೆ ಜಾಮ್ ಆಗಿಲ್ಲ. ಅಷ್ಟು ಗೊತ್ತಾದ್ರೆ ಸಾಕು, ರೇಟು ಮಾತಾಡಬಹುದು. ಮಾರೋರು ಇದಕ್ಕೂ ಒಪ್ಪದಿದ್ರೆ ಎಂಜಿನ್ ಹೋಗಿದೆ ಅಂತಲೇ ಲೆಕ್ಕ ಹಾಕಿ ಕೇಳಿ. ತಗೊಂಡ ಮೇಲೆ ಟ್ಯಾಂಕ್ ತೊಳೆಸಿ, ಟೈಮಿಂಗ್ ಬೆಲ್ಟ್, ಆಯಿಲ್, ಕೂಲೆಂಟ್, ಪೆಟ್ರೋಲ್ ಪೈಪು ಎಲ್ಲ ಬದಲಾಯಿಸಿ, ಆಮೇಲೆ ಸೆಲ್ಫ್ ಹೊಡೀರಿ. ಈಗ ಬಂಕಲ್ಲಿ ಸಿಗೋದು ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲು. ಆ ಕಾಲದ ರಬ್ಬರಿಗೆ ಅದು ಆಗಿಬರಲ್ಲ, ಎಥೆನಾಲ್ ತಡೆಯೋ ಪೈಪನ್ನೇ ಕೇಳಿ ತಗೊಳ್ಳಿ.

ನಿಜ ಹೇಳಬೇಕಂದ್ರೆ ಈ ಕಾರಲ್ಲಿ ಎಂಜಿನ್ ದೊಡ್ಡ ತಲೆನೋವೇ ಅಲ್ಲ. 1149 ಸಿಸಿಯ ರೆನೋ ಎಂಜಿನ್, 60 ಅಶ್ವಶಕ್ತಿ. ಇದೇ ಎಂಜಿನ್ ಯುರೋಪಿನಲ್ಲಿ ಕ್ಲಿಯೋ, ಟ್ವಿಂಗೋ ಕಾರುಗಳಲ್ಲಿತ್ತು, ಹಾಗಾಗಿ ಹುಡುಕಿದ್ರೆ ಪಾರ್ಟು ಸಿಗುತ್ತೆ. ಸ್ಪೋರ್ಟ್ಸ್ ಕಾರು ಅಂತ ಬೀಗೋ ಶಕ್ತಿ ಇದಲ್ಲ ಬಿಡಿ, ಆದ್ರೆ ಟಾಪ್ ತೆಗೆದು ಕಾಫಿ ಹೂವಿನ ಕಾಲದಲ್ಲಿ ತೋಟದ ರಸ್ತೆಯಲ್ಲಿ ಹೋದ್ರೆ ಅಶ್ವಶಕ್ತಿ ಯಾರಿಗೆ ಬೇಕು. ಸಿಗದೇ ಇರೋದು ಮುಂದಿನ ಗ್ಲಾಸು. ಅದು ಒಡೆದಿದ್ರೆ ನಾನಾಗಿದ್ರೆ ವಾಪಸ್ ಬರ್ತಿದ್ದೆ.

ಮಾರೋರು ‘ಫೈಬರ್ ಬಾಡಿ ಸಾರ್, ತುಕ್ಕೇ ಹಿಡಿಯಲ್ಲ’ ಅಂತಾರೆ. ಬಾಡಿ ಮಟ್ಟಿಗೆ ನಿಜ. ಕೆಳಗಿರೋ ಚಾಸಿ ಕಬ್ಬಿಣದ್ದು, ನಮ್ಮ ಮಲೆನಾಡಿನ ಮಣ್ಣುನೆಲದ ಶೆಡ್ಡಲ್ಲಿ ತೇವ ಮೇಲಿಂದಲ್ಲ, ಕೆಳಗಿಂದ ಏರುತ್ತೆ. ಜಾಕ್ ಹಾಕಿ, ಭದ್ರವಾಗಿ ಸ್ಟ್ಯಾಂಡ್ ಕೊಟ್ಟು, ಟಾರ್ಚ್ ಹಿಡಿದು ಮಲಗಿ. ಸಸ್ಪೆನ್ಷನ್ ಕೂರೋ ಜಾಗಗಳಿಗೆ ಸ್ಕ್ರೂಡ್ರೈವರ್ ಹಿಡಿಯಿಂದ ಬಡಿದು ಕೇಳಿ. ಟಣ್ ಅಂದ್ರೆ ಸರಿ. ಡಬ್ ಅಂದು ಪುಡಿ ಉದುರಿದ್ರೆ ಮಾತು ಮುಗೀತು.

ಟಯರ್ ಗುಂಡಿ (ನೆಲ ಹಿಡಿಯೋ ಅಚ್ಚು) ಸವೆದಿಲ್ಲ ಅಂತ ಮೋಸ ಹೋಗಬೇಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, 3212 ಅಂದ್ರೆ 2012ರ 32ನೇ ವಾರದ್ದು. ಅಂಥವನ್ನ ಎಸೀರಿ.

ಬ್ರೇಕಲ್ಲಿ ನಾನು ಜಿಪುಣತನ ಮಾಡಿದ್ದೆ. ಪೆಡಲ್ ಗಟ್ಟಿ ಇದೆ ಅಂತ ಆಯಿಲ್ ಮಾತ್ರ ಬದಲಾಯಿಸಿದೆ. ಮೊದಲ ಓಟಕ್ಕೆ ಘಾಟಿ ಬೇಡ ಅಂತ ಕಡೂರು ರಸ್ತೆ ಹಿಡಿದಿದ್ದೊಂದೇ ಬುದ್ಧಿವಂತಿಕೆ. ಸಖರಾಯಪಟ್ಟಣ ಬರೋವಷ್ಟರಲ್ಲಿ ಸುಟ್ಟ ವಾಸನೆ. ಇಳಿದು ಬಲಗಡೆ ಮುಂದಿನ ಚಕ್ರಕ್ಕೆ ಬಾಟ್ಲಿ ನೀರು ಚಿಮುಕಿಸಿದ್ರೆ ಕಾವಲಿ ಥರ ಚುಂಯ್ ಅಂತು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ, ವರ್ಷಗಟ್ಟಲೆ ನಿಂತಾಗ ಬ್ರೇಕಿನ ಪಿಸ್ಟನ್ ಒಳಗೊಳಗೇ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತೆ. ಇದೇ ಆಗಿ ಚಾರ್ಮಾಡಿ ಇಳಿಯೋವಾಗ ಬ್ರೇಕ್ ಕಾದು ಸೋತಿದ್ರೆ ಈ ಉತ್ತರ ಬರೆಯೋಕೆ ನಾನಿರ್ತಿರಲಿಲ್ಲ. ಕ್ಯಾಲಿಪರ್, ವೀಲ್ ಸಿಲಿಂಡರ್, ಹೋಸು, ಒಂದನ್ನೂ ಬಿಡದೆ ಬಿಚ್ಚಿಸಿ.

ಇನ್ನು ಕಾಗದ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ ಫಾರಂ 25 ಕೊಟ್ಟು ಐದೈದು ವರ್ಷಕ್ಕೆ ನವೀಕರಣ. ತಡವಾದ್ರೆ ತಿಂಗಳಿಗೆ 500 ರೂಪಾಯಿ ದಂಡ ಅಂತ 2022ರಿಂದ ನಿಯಮ ಇದೆ. ನವೀಕರಣದ ಶುಲ್ಕವೂ ಏರಿದೆ. ಹಾಗಾಗಿ ಬಾಕಿ ಎಷ್ಟಾಗುತ್ತೆ ಅಂತ ಆರ್‌ಟಿಓ ಕಚೇರಿಯಲ್ಲೇ ಕೇಳಿ, ಅದನ್ನ ರೇಟಲ್ಲಿ ಕಳೀರಿ. ಅದಕ್ಕಿಂತ ಮುಖ್ಯ, ಆರ್‌ಸಿ ಯಾರ ಹೆಸರಲ್ಲಿದೆ ನೋಡಿ. ನನ್ನದು ತೀರಿಹೋದ ಹಿರಿಯರ ಹೆಸರಲ್ಲಿತ್ತು. ತೋಟ ಪಾಲಾಗುವಾಗ ಒಂದೊಂದು ಮೆಣಸಿನ ಬಳ್ಳಿಗೂ ಲೆಕ್ಕ ಬರೆದಿದ್ರು, ಕಾರು ಯಾರಿಗೆ ಅಂತ ಬರೆದೇ ಇರಲಿಲ್ಲ. ಮಾತು ಬಿಟ್ಟಿದ್ದ ಮೂವರು ಅಣ್ಣತಮ್ಮಂದಿರ ಸಹಿಗೆ ಐದು ತಿಂಗಳು ಅಲೆದೆ. ಹೀಗಿದ್ರೆ ಫಾರಂ 31ರಲ್ಲಿ ಮೊದಲು ವಾರಸುದಾರರ ಹೆಸರಿಗೆ ಆಗಬೇಕು, ಆಮೇಲೆ ಫಾರಂ 29, 30ರಲ್ಲಿ ನಿಮ್ಮ ಹೆಸರಿಗೆ. ಅದಾಗೋವರೆಗೆ ಪೂರ್ತಿ ದುಡ್ಡು ಕೊಡಬೇಡಿ.

ನಾನು ಕೊಟ್ಟಿದ್ದು 1,60,000. ರಸ್ತೆಗೆ ಇಳಿಯೋವಷ್ಟರಲ್ಲಿ ಮೇಲೆ ಇನ್ನೂ 2 ಲಕ್ಷ ಆಗಿತ್ತು. ಮನೆಯಲ್ಲಿ ಹೇಳಿದ ಲೆಕ್ಕ ಬೇರೆ.

ಭಾನುವಾರದ ಬದಲು ಒಳ್ಳೆ ಮಳೆ ಹೊಯ್ಯೋ ದಿನ ನೋಡಿ ಹೋಗಿ. ಶೆಡ್ಡಿನ ಹೆಂಚು ಎಲ್ಲಿ ಸೋರುತ್ತೆ, ಹನಿ ಕಾರಿನ ಯಾವ ಜಾಗಕ್ಕೆ ಬೀಳುತ್ತೆ ನೋಡಿ, ಮೊದಲು ಅಲ್ಲಿನ ಮ್ಯಾಟ್ ಎತ್ತಿ.