ವಿದೇಶ ಪ್ರವಾಸದ ಕೊನೆಯಲ್ಲಿಯೇ ತೊಂದರೆಗಳು ಒಟ್ಟಾಗಿ ಬರುವುದೇಕೆ?

ಬೆನ್ನಿಗೊಂದು ಚೀಲ ಹಾಕಿಕೊಂಡು ಕಡಿಮೆ ಖರ್ಚಿನಲ್ಲಿ ವಿದೇಶ ಸುತ್ತಿಬಂದವರು ಪ್ರವಾಸದ ಕೊನೆಯಲ್ಲಿ ಯಾವ ತೊಂದರೆಗಳನ್ನು ಎದುರಿಸಿದರು, ಅವುಗಳಿಂದ ಏನು ತಿಳಿದುಕೊಂಡರು ಎಂದು ನೀವು ಕೇಳಿದ್ದೀರಿ. ನಾನು ಬಾಗಲಕೋಟೆಯವನು. ಸೋದರಮಾವನ ಮಗನ ಜೊತೆಗೆ ವಿಯೆಟ್ನಾಂ ದೇಶವನ್ನು ಉತ್ತರದ ಹನೋಯ್‌ನಿಂದ ದಕ್ಷಿಣದ ಹೋ ಚಿ ಮಿನ್ ನಗರದವರೆಗೆ ರೈಲು, ಬಸ್ಸುಗಳಲ್ಲಿ ನೋಡಿಬಂದ ಅನುಭವದಿಂದ ಉತ್ತರಿಸುತ್ತೇನೆ. ಕೊನೆಯ ದಿನಗಳ ತೊಂದರೆಗೆ ದುರದೃಷ್ಟ ಕಾರಣವೆಂದು ನನಗೆ ಅನ್ನಿಸುವುದಿಲ್ಲ. ಕೈಯಲ್ಲಿನ ಹಣ, ವೀಸಾದ ದಿನಗಳು, ಮೈಯ ಕಸುವು, ಈ ಮೂರೂ ಒಂದೇ ಹೊತ್ತಿಗೆ ತಳ ಕಾಣುವುದರಿಂದ, ಮೊದಲ ವಾರದಲ್ಲಿ ಸುಲಭವಾಗಿ ದಾಟಬಹುದಾಗಿದ್ದ ಒಂದು ಅಡಚಣೆ ಆಗ ಇನ್ನೆರಡನ್ನು ಎಳೆದುಕೊಂಡು ಬರುತ್ತದೆ.

ನಮ್ಮ ಕಡೆ ದೀಪಾವಳಿಯ ಹೊತ್ತಿಗೆ ದೊಡ್ಡ ಮಳೆ ಮುಗಿದಿರುತ್ತದೆ. ರಜೆ ಕೂಡಿಬರುವುದೂ ಆಗಲೇ, ನಾವು ಹೊರಟದ್ದೂ ಆಗಲೇ. ಹನೋಯ್‌ನಲ್ಲಿಯೂ ಆ ಕಾಲದ ಹವೆ ಹಿತವಾಗಿಯೇ ಇರುತ್ತದೆ. ಆದರೆ ಅದೇ ದೇಶದ ಮಧ್ಯಭಾಗದ ಕರಾವಳಿಗೆ ಅಕ್ಟೋಬರ್ ಮತ್ತು ನವೆಂಬರ್ ಅತಿ ಹೆಚ್ಚು ಮಳೆ ಸುರಿಯುವ ತಿಂಗಳುಗಳು. ಈಶಾನ್ಯದ ಗಾಳಿಯೂ ಸಮುದ್ರದಿಂದ ಬರುವ ಚಂಡಮಾರುತಗಳೂ ತರುವ ನೀರು ಪಶ್ಚಿಮದ ಬೆಟ್ಟಸಾಲಿನ ಮೇಲೆ ಸುರಿದು, ಉದ್ದ ಕಡಿಮೆಯಿದ್ದು ಇಳಿಜಾರು ಹೆಚ್ಚಿರುವ ನದಿಗಳಲ್ಲಿ ಬಹುಬೇಗ ಬಯಲಿಗೆ ಇಳಿಯುತ್ತದೆ. ಪ್ರವಾಸದ ಕೊನೆಯ ದೊಡ್ಡ ನಿಲುಗಡೆಯೆಂದು ನಾವು ಇಟ್ಟುಕೊಂಡಿದ್ದ ಹೊಯ್ ಆನ್ ಪಟ್ಟಣ ಇಂತಹುದೇ ತು ಬೋನ್ ನದಿಯ ದಂಡೆಯಲ್ಲಿದೆ.

ನಾನು ಆ ದೇಶಕ್ಕೆ ಹೊರಟದ್ದೇ ಮುಖ್ಯವಾಗಿ ಹೊಯ್ ಆನ್‌ಗೆ ಸಮೀಪದ ಮಿ ಸನ್ ಕಣಿವೆಯನ್ನು ನೋಡಲು. ಹಿಂದೆ ಆ ಕರಾವಳಿಯನ್ನು ಆಳುತ್ತಿದ್ದ ಚಂಪಾ ರಾಜ್ಯದ ಅರಸರು 4ನೆಯ ಶತಮಾನದಿಂದ 13ನೆಯ ಶತಮಾನದವರೆಗೆ ಅಲ್ಲಿ ಶಿವಾಲಯಗಳನ್ನು ಕಟ್ಟಿಸುತ್ತ ಬಂದರು. ಅಲ್ಲಿ ಮೊದಲು ಪ್ರತಿಷ್ಠೆಯಾದ ಶಿವನ ಹೆಸರೇ ಭದ್ರೇಶ್ವರ. ಪಟ್ಟದಕಲ್ಲಿನ ಮರಳುಗಲ್ಲಿನ ಗುಡಿಗಳ ನಡುವೆ ಆಡಿ ಬೆಳೆದವನಿಗೆ, ಸಮುದ್ರದಾಚೆ ಅದೇ ದೇವರಿಗೆ ಇಟ್ಟಿಗೆಯಲ್ಲಿ ಕಟ್ಟಿದ ಗುಡಿಗಳನ್ನು ನೋಡುವ ಆಸೆ ಎಷ್ಟಿತ್ತೆಂದು ಹೇಳುವುದು ಕಷ್ಟ. 1969ರ ಅಮೆರಿಕನ್ ಬಾಂಬ್ ದಾಳಿಯಲ್ಲಿ ಮುಖ್ಯ ಗೋಪುರವೇ ಕುಸಿದಿದ್ದರೂ ಉಳಿದದ್ದು 1999ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ನಾವು ಹೋಗಬೇಕಾದ ದಿನ ರಸ್ತೆಯ ಮೇಲೆ ನೀರು ಬಂದು ವಾಹನಗಳು ನಿಂತವು, ಮರುದಿನವೂ ತೆರೆಯಲಿಲ್ಲ. ನೋಡಲೇಬೇಕೆಂಬ ಒಂದು ಸ್ಥಳ ನಿಮಗೂ ಇದ್ದರೆ, ದಾರಿ ಸ್ವಲ್ಪ ಸುತ್ತಾದರೂ ಸರಿ, ವಿಮಾನ ಇಳಿದ ಮೇಲೆ ಮೊದಲು ಅಲ್ಲಿಗೆ ಹೋಗಿರಿ.

ಹೊಯ್ ಆನ್‌ನ ಪ್ರವಾಹವನ್ನು ನಾನು ಬರಿಯ ತೊಂದರೆಯೆಂದು ಎಣಿಸಲಾರೆ. ಅಲ್ಲಿಯ ಹಳೆಯ ವರ್ತಕರ ಮನೆಗಳಲ್ಲಿ ಒಂದಾದ ತಾನ್ ಕಿ ಮನೆಯ ಗೋಡೆಯ ಮೇಲೆ ಯಾವ ವರ್ಷ ನೀರು ಎಷ್ಟು ಎತ್ತರ ಬಂದಿತ್ತೆಂದು ಗುರುತು ಮಾಡಿದ್ದಾರೆ. 1964ರ ಗುರುತು ತಲೆಯೆತ್ತಿ ನೋಡುವಷ್ಟು ಮೇಲಿದೆ. ಇಂತಹ ಮನೆಗಳ ಅಟ್ಟದಲ್ಲಿ ಒಂದು ಕಿಂಡಿ ಇರುತ್ತದೆ. ಹೊಳೆ ಏರುವ ಸುದ್ದಿ ಬಂದೊಡನೆ ಕೆಳಗಿನ ಸಾಮಾನನ್ನು ಅದರ ಮೂಲಕ ಮೇಲಕ್ಕೆ ಎಳೆದುಕೊಳ್ಳುತ್ತಾರೆ. ನಾವು ಉಳಿದುಕೊಂಡ ಮನೆಯವರೂ ಗಾಬರಿಯಿಲ್ಲದೆ ಅಕ್ಕಿ, ಹಾಸಿಗೆ, ದೇವರ ಪಟಗಳನ್ನು ಮಹಡಿಗೆ ಸಾಗಿಸಿದರು, ನಾವಿಬ್ಬರೂ ಕೈಜೋಡಿಸಿದೆವು. ಆ ರಾತ್ರಿ ಫೋನಿನಲ್ಲಿ ಅವ್ವ ಕೇಳಿದ ಮೊದಲ ಮಾತು "ನೀರ ಎಲ್ಲೀ ಮಟ ಬಂದೈತಿ?" ಎಂಬುದು. ಹಳೆಯ ಬಾಗಲಕೋಟೆಯ ದೊಡ್ಡ ಭಾಗ ಆಲಮಟ್ಟಿಯ ಹಿನ್ನೀರಿಗೆ ಸೇರಿದಾಗ ಮನೆ ಬಿಟ್ಟು ನವನಗರಕ್ಕೆ ಬಂದವಳು ಅವಳು. ಹೊಯ್ ಆನ್‌ನಲ್ಲಿ ನೀರು ಬರುತ್ತದೆ, ಇಳಿಯುತ್ತದೆ, ಜನ ಕೆಸರು ತೊಳೆದು ಅದೇ ಅಂಗಡಿಯ ಬಾಗಿಲು ತೆರೆಯುತ್ತಾರೆ. ನಮ್ಮ ಓಣಿಗಳ ಮೇಲೆ ಬಂದ ನೀರು ಹಾಗೆ ಹಿಂದಿರುಗಲಿಲ್ಲ. ಈ ವ್ಯತ್ಯಾಸ ನನಗೆ ಇಷ್ಟು ಸ್ಪಷ್ಟವಾಗಿ ಕಂಡದ್ದು ಪರದೇಶದ ಒಂದು ಮಹಡಿಯ ಮೇಲೆ, ಮತ್ತು ಅವ್ವನನ್ನು ಆ ಮನೆಯ ಬಗ್ಗೆ ಅದುವರೆಗೆ ಕೇಳದಿದ್ದ ಎಷ್ಟೋ ಪ್ರಶ್ನೆಗಳನ್ನು ಊರಿಗೆ ಬಂದ ಮೇಲೆ ಕೇಳಿದೆ.

ಕರೆಂಟು ಹೋದ ಮೇಲೆ ಎಟಿಎಂಗಳು ನಿಂತವು, ಕಾರ್ಡು ತೆಗೆದುಕೊಳ್ಳುವವರೂ ಇರಲಿಲ್ಲ. ಅಲ್ಲಿಯ 20,000 ಮತ್ತು 500,000 ಡಾಂಗ್ ನೋಟುಗಳೆರಡೂ ನೀಲಿ ಬಣ್ಣದವು. ಟಾರ್ಚಿನ ಬೆಳಕಿನಲ್ಲಿ ನನ್ನ ಜೊತೆಗಾರ ಚಹಾ ಮಾರುವ ಹೆಂಗಸಿಗೆ ಕೊಟ್ಟದ್ದು ದೊಡ್ಡ ನೋಟು. ಆಕೆ ಮೊಣಕಾಲುದ್ದ ನೀರಿನಲ್ಲಿ ಹಿಂದೆಯೇ ಬಂದು ಅದನ್ನು ಅವನ ಕೈಗಿಟ್ಟು, ಚಿಕ್ಕ ನೋಟನ್ನು ತಾನೇ ಆರಿಸಿಕೊಂಡಳು. ಅಂಗಡಿ ನೀರಿನಲ್ಲಿರುವ ದಿನ ಹೀಗೆ ನಡೆದುಕೊಂಡ ಆ ತಾಯಿಯನ್ನು ನಾವಿಬ್ಬರೂ ಇನ್ನೂ ನೆನೆಯುತ್ತೇವೆ. ಸಣ್ಣ ನೋಟುಗಳನ್ನು ಬೇರೆ ಜೇಬಿನಲ್ಲಿಟ್ಟು, ಎರಡು ಮೂರು ದಿನಗಳ ಖರ್ಚಿಗೆ ಸಾಲುವಷ್ಟನ್ನು ಕೊನೆಯವರೆಗೂ ಉಳಿಸಿಕೊಳ್ಳಿರಿ.

ಅಲ್ಲಿಂದ ದಕ್ಷಿಣಕ್ಕೆ ಹೋಗಬೇಕಾದ ರೈಲು ತಡವಾಯಿತು. ಹನೋಯ್‌ನಿಂದ ಹೋ ಚಿ ಮಿನ್ ನಗರಕ್ಕೆ 1,726 ಕಿಲೋಮೀಟರ್ ಉದ್ದದ ಆ ಮಾರ್ಗ ಒಂಟಿ ಹಳಿಯದು. ಒಂದು ಕಡೆ ಮಣ್ಣು ಕುಸಿದರೆ ಎರಡೂ ದಿಕ್ಕಿನ ಗಾಡಿಗಳು ಕಾಯಬೇಕಾಗುತ್ತದೆ. ಇ-ವೀಸಾದಲ್ಲಿ ಮುದ್ರಿತವಾದ ಕೊನೆಯ ದಿನಾಂಕ ಮಾತ್ರ ಪ್ರವಾಹಕ್ಕಾಗಿ ಮುಂದೆ ಸರಿಯುವುದಿಲ್ಲ, ಮೀರಿದರೆ ದಂಡ. ಪ್ರಯಾಣದ ದಿನಕ್ಕೂ ಆ ದಿನಾಂಕಕ್ಕೂ ನಡುವೆ ಬಿಡುವು ಇದ್ದುದರಿಂದ ನಾವು ಪಾರಾದೆವು. ಕೋಣೆಯ ಬಾಡಿಗೆಯಲ್ಲಿ ಉಳಿಸುವುದು ಹೇಗೆಂದು ಎಲ್ಲರೂ ಸಲಹೆ ಕೊಡುತ್ತಾರೆ. ಕೊನೆಯಲ್ಲಿ ಖಾಲಿ ದಿನಗಳನ್ನು ಇಟ್ಟುಕೊಳ್ಳಿರೆಂದು ಹೇಳುವವರು ಕಡಿಮೆ. ನನ್ನ ಮಟ್ಟಿಗೆ ಖರ್ಚು ಮಾಡಲು ಯೋಗ್ಯವಾದದ್ದು ಆ ದಿನಗಳ ಮೇಲೆಯೇ.

ಮುಂಬಯಿಯಲ್ಲಿ ಇಳಿದಾಗ ನನ್ನ ಚೀಲ ಬಂದಿರಲಿಲ್ಲ. ನಡುವೆ ವಿಮಾನ ಬದಲಿಸುವ ಊರಿನಲ್ಲಿ ಅದು ಉಳಿದಿತ್ತು. ಊರಿಗೆ ಹೋಗಿ ಫೋನು ಮಾಡಿರೆಂದು ವಿಮಾನ ಸಂಸ್ಥೆಯ ಮೇಜಿನಲ್ಲಿದ್ದವರು ಕಳುಹಿಸಲು ನೋಡಿದರು. ಇಂತಹ ಸಮಯದಲ್ಲಿ ಅಲ್ಲಿಂದ ಕದಲಬಾರದು. ಸಾಮಾನು ಬಂದಿಲ್ಲವೆಂಬ ವರದಿಯನ್ನು ಬರೆಸಿ, ಅದರ ಸಂಖ್ಯೆಯನ್ನು ಪಡೆದು, ಬೋರ್ಡಿಂಗ್ ಪಾಸನ್ನೂ ಚೀಲದ ಚೀಟಿಯನ್ನೂ ಜೋಪಾನವಾಗಿ ಇಟ್ಟುಕೊಳ್ಳಬೇಕು. ಅಂತರರಾಷ್ಟ್ರೀಯ ವಿಮಾನಗಳಲ್ಲಿ ಪ್ರಯಾಣಿಕರಿಗೂ ಸಾಮಾನಿಗೂ ಆಗುವ ನಷ್ಟದ ಹೊಣೆಯನ್ನು ಗೊತ್ತುಪಡಿಸುವ 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 2009ರಲ್ಲಿ ಸೇರಿದೆ. ಅದರ ಪ್ರಕಾರ ಚೀಲ 21 ದಿನಗಳೊಳಗೆ ಬರದಿದ್ದರೆ ಕಳೆದುಹೋದದ್ದೆಂದು ಪರಿಹಾರ ಕೇಳಬಹುದು. ಹಾನಿಯಾಗಿ ಬಂದರೆ ಕೈಗೆ ಸಿಕ್ಕ 7 ದಿನಗಳೊಳಗೆ, ತಡವಾಗಿ ಬಂದರೆ ಸಿಕ್ಕ 21 ದಿನಗಳೊಳಗೆ ಲಿಖಿತ ದೂರು ಕೊಡಬೇಕು. ಬಾಗಲಕೋಟೆಯಲ್ಲಿ ವಿಮಾನ ನಿಲ್ದಾಣವಿಲ್ಲದ ಕಾರಣ ಚೀಲ ಹುಬ್ಬಳ್ಳಿಗೆ ಬಂದು, ಅಲ್ಲಿಂದ ನಾನೇ ತಂದುಕೊಂಡೆ.

ಇನ್ನು ಎಲ್ಲಕ್ಕಿಂತ ಗಂಭೀರವಾದದ್ದು ಪ್ರವಾಸ ಮುಗಿದ ಮೇಲೆ ಬಂತು. ಸೊಲ್ಲಾಪುರ, ವಿಜಯಪುರದ ಮೇಲೆ ಊರು ಸೇರಿ ಕೆಲವು ದಿನಗಳಾದ ಬಳಿಕ ಸೋದರಮಾವನ ಮಗನಿಗೆ ಜ್ವರ, ಕಣ್ಣಿನ ಹಿಂದೆ ನೋವು, ಕೀಲುಗಳಲ್ಲಿ ಸೆಳೆತ. ಸೊಳ್ಳೆ ಕಚ್ಚಿದ 4ರಿಂದ 10 ದಿನಗಳ ನಂತರ ಡೆಂಗಿ ಕಾಣಿಸಿಕೊಳ್ಳುವುದರಿಂದ, ಪ್ರವಾಸದ ಕೊನೆಯಲ್ಲಿ ತಗಲಿದ ಸೋಂಕು ಮನೆಯಲ್ಲಿಯೇ ಹೊರಬೀಳುತ್ತದೆ. ದಣಿವಿನ ಜ್ವರವೆಂದು ಮನೆಯವರು ಮೈಕೈ ನೋವಿನ ಗುಳಿಗೆ ತರಲು ಹೊರಟಿದ್ದರು. ಡೆಂಗಿಯ ಶಂಕೆಯಿರುವಾಗ ಆಸ್ಪಿರಿನ್, ಐಬುಪ್ರೊಫೇನ್ ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ. ಪ್ಯಾರಸಿಟಮಾಲ್ ಮಾತ್ರ ಸರಿ. ವೈದ್ಯರಿಗೆ ಎಲ್ಲಿಂದ, ಯಾವ ದಿನ ಬಂದೆವೆಂದು ಮೊದಲೇ ಹೇಳಿದ್ದರಿಂದ ಅವರು ಅಂದೇ ಡೆಂಗಿಯನ್ನು ಆರಂಭದಲ್ಲಿಯೇ ಗುರುತಿಸುವ ಎನ್‌ಎಸ್1 ರಕ್ತಪರೀಕ್ಷೆ ಮಾಡಿಸಿದರು. ಜ್ವರ ಇಳಿಯುವ ಹೊತ್ತಿನಲ್ಲಿಯೇ ಅಪಾಯದ ಘಟ್ಟ ಆರಂಭವಾಗಬಹುದೆಂದು ಎಚ್ಚರಿಸಿದವರೂ ಅವರೇ. ಆದ್ದರಿಂದ ಹಿಂದಿರುಗಿದ ಮೇಲಿನ ಎರಡು ವಾರಗಳಲ್ಲಿ ಜ್ವರ ಬಂದರೆ, ಅದು ತಾನಾಗಿಯೇ ಇಳಿದಂತೆ ಕಂಡರೂ, ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ ಕಾಣಿಸಿದ ಕೂಡಲೇ ಆಸ್ಪತ್ರೆಗೆ ಹೋಗಿರಿ.