ಊರ ಮಕ್ಕಳನ್ನು ಸಾಕಿದ ಮಿಷನರಿಗಳು ತಮ್ಮ ಮಕ್ಕಳನ್ನು ಏನು ಮಾಡುತ್ತಿದ್ದರು?

ಪರದೇಶಕ್ಕೆ ಹೋಗಿ ಅಲ್ಲಿನ ಹುಡುಗ ಹುಡುಗಿಯರಿಗೆ ಶಾಲೆ, ಬೋರ್ಡಿಂಗ್ ನಡೆಸಿದ ಮಿಷನರಿ ಕುಟುಂಬಗಳ ಬದುಕು ಹೇಗಿತ್ತು, ಬಂಗಲೆ, ಆಳುಕಾಳು ಅಂತ ಆರಾಮವಾಗಿದ್ದರಾ ಎಂದು ಕೇಳಿದ್ದೀರಿ. ನಾನು ಮಂಗಳೂರಿನವಳು. ನಮ್ಮದು ಬಾಸೆಲ್ ಮಿಷನ್ ಎಂಬ ಪ್ರಾಟೆಸ್ಟೆಂಟ್ ಕ್ರೈಸ್ತ ಸಂಸ್ಥೆಯ ಸಭೆಯಿಂದ, ಅಂದರೆ ಅದರ ಚರ್ಚಿನಿಂದ, ಬಂದ ಮನೆತನ. ಹಾಗಾಗಿ ನನಗೆ ಗೊತ್ತಿರುವ ಆ ಒಂದು ಮಿಷನ್ ಬಗ್ಗೆಯಷ್ಟೇ ಹೇಳುತ್ತೇನೆ.

ಬಂಗಲೆ ಇತ್ತು. ಅಡುಗೆಯವರು, ಆಯಾ ಎಲ್ಲ ಇದ್ದರು. ಮುಚ್ಚಿಡುವುದೇನೂ ಇಲ್ಲ. ಆದರೆ ಆ ಬಂಗಲೆಯಲ್ಲಿ ಅವರದೇ ಎಂಟು ಹತ್ತು ವರ್ಷದ ಮಗು ಕಾಣಸಿಗುವುದು ಅಪರೂಪ.

ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್‌ನಿಂದ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. ಈ ಮಿಷನ್ನಿನ ಹುಡುಗರು ಸಾಮಾನ್ಯವಾಗಿ ಮದುವೆಯಾಗದೆ ಬರುತ್ತಿದ್ದರು. ಕೆಲವು ವರ್ಷ ಕೆಲಸ ಮಾಡಿ, ಮದುವೆಗೆ ಒಪ್ಪಿಗೆ ಕೇಳಿ ಬಾಸೆಲ್‌ನಲ್ಲಿದ್ದ ಮಿಷನ್ ಕಮಿಟಿಗೆ ಅರ್ಜಿ ಹಾಕಬೇಕು. ಒಪ್ಪಿಗೆ ಸಿಕ್ಕ ಮೇಲೆ ಅಲ್ಲಿಂದ ಹೆಣ್ಣು ಹಡಗು ಹತ್ತುತ್ತಿದ್ದಳು. ಎಷ್ಟೋ ಜೋಡಿಗಳು ಒಬ್ಬರ ಮುಖ ಒಬ್ಬರು ನೋಡಿದ್ದೇ ಇಲ್ಲಿಗೆ ಬಂದ ಮೇಲೆ. ನಮ್ಮ ಹಿರಿಯರ ಮದುವೆಗಳಿಗಿಂತ ದೊಡ್ಡ ವ್ಯತ್ಯಾಸವೇನೂ ಇಲ್ಲ, ಅಲ್ವಾ?

ಹೆಂಡತಿಗೆ ಅಂತ ಸಂಬಳ ಇರಲಿಲ್ಲ. ಹೆಣ್ಣುಮಕ್ಕಳ ಶಾಲೆ, ಬೋರ್ಡಿಂಗ್ ಮಾತ್ರ ಹೆಚ್ಚಾಗಿ ಅವಳ ತಲೆಗೇ. ಇದೇ ಮಿಷನ್ನಿನವರಾದ, ಕೇರಳದ ತಲಶ್ಶೇರಿಯಲ್ಲಿದ್ದ ಹರ್ಮನ್ ಗುಂಡರ್ಟ್ ಮಲಯಾಳಂ ನಿಘಂಟು ಮಾಡಿದ್ದು ಬಹಳ ಜನಕ್ಕೆ ಗೊತ್ತು. ಅವರ ಹೆಂಡತಿ ಜೂಲಿ ಅಲ್ಲಿ ಹುಡುಗಿಯರ ಬೋರ್ಡಿಂಗ್ ನಡೆಸುತ್ತಿದ್ದದ್ದು ಯಾರಿಗೆ ನೆನಪಿದೆ? ಓದು, ಹೊಲಿಗೆ, ಪ್ರಾರ್ಥನೆ, ಜ್ವರ ಬಂದ ಮಗುವಿನ ಪಕ್ಕ ರಾತ್ರಿಯಿಡೀ ಕೂರುವುದು, ಇದೆಲ್ಲ ಇಂಥ ಹೆಂಗಸರ ಪಾಲಿನ ಕೆಲಸ. ನನ್ನ ಅಜ್ಜಿಯ ಅಜ್ಜಿ ಮಿಷನ್ ಬೋರ್ಡಿಂಗ್‌ನಲ್ಲೇ ಬೆಳೆದವರು. ಹೊಲಿಗೆ ಒಂಚೂರು ಸೊಟ್ಟಗಾದರೆ ದೊರೆಸಾನಿ ಪೂರ್ತಿ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದರಂತೆ. ಆ ಚಾಳಿ ನಮ್ಮ ಮನೆ ಹೆಂಗಸರಲ್ಲಿ ಇವತ್ತಿಗೂ ಇದೆ. ಬೇಕಿದ್ದರೆ ನಮ್ಮ ಬ್ಲೌಸ್ ಹೊಲಿಯುವ ಟೈಲರನ್ನು ಕೇಳಿ.

ಇನ್ನು ಅವರ ಸ್ವಂತ ಮಕ್ಕಳು. 1853ರಲ್ಲಿ ಬಾಸೆಲ್‌ನಲ್ಲಿ ಮಿಷನರಿಗಳ ಮಕ್ಕಳಿಗೆಂದೇ ಒಂದು ಮನೆ ಶುರುವಾಯಿತು. ಆರೇಳು ವರ್ಷವಾಗುವ ಹೊತ್ತಿಗೆ ಮಗುವನ್ನು ಅಲ್ಲಿಗೆ ಕಳಿಸಬೇಕು. ಇಲ್ಲಿನ ಹವೆ, ಜ್ವರ, ಕಾಲರಾ ಮಕ್ಕಳಿಗೆ ತಡೆಯುವುದಿಲ್ಲ ಎಂಬುದೊಂದು ಕಾರಣ. ಅಲ್ಲಿನ ಓದು ಇಲ್ಲಿ ಸಿಗುವುದಿಲ್ಲ ಎಂಬುದು ಇನ್ನೊಂದು. ಇವೆರಡೂ ಸರಿ ಅನ್ನೋಣ. ಮೂರನೆಯದು ಮಾತ್ರ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಆಯಾ ಜತೆ, ಇಲ್ಲಿನ ಮಕ್ಕಳ ಜತೆ ಬೆಳೆದರೆ ತಮ್ಮ ಮಕ್ಕಳು ಇಲ್ಲಿನ ನಡೆನುಡಿ ಕಲಿತು ಕೆಟ್ಟುಹೋಗುತ್ತಾರೆ ಎಂಬ ಭಯ. ಬೆಳಗಾದರೆ ಇವರು ಪಾಠ ಹೇಳುತ್ತಿದ್ದದ್ದು, ಊಟ ಹಾಕುತ್ತಿದ್ದದ್ದು ಯಾರಿಗೆ ಮತ್ತೆ?

ಜೂಲಿಯವರ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲೇ ಹುಟ್ಟಿದವಳು. ಬಾಸೆಲ್‌ನ ಆ ಮನೆ ಇನ್ನೂ ಇರಲಿಲ್ಲ. ಆದರೂ ಸುಮಾರು ನಾಲ್ಕು ವರ್ಷದ ಅವಳನ್ನು ಯುರೋಪಿನಲ್ಲಿ ಬಿಟ್ಟು ತಂದೆತಾಯಿ ವಾಪಸ್ ಬಂದರು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮೊದಲು ಕಾಗದ ಹೋಗಿ ಉತ್ತರ ಬರಲು ತಿಂಗಳುಗಟ್ಟಲೆ ಬೇಕಿತ್ತು. ಮಗು ಹಲ್ಲು ಅಲುಗಾಡುತ್ತಿದೆ ಎಂದು ಬರೆದರೆ, ಅಮ್ಮನ ಉತ್ತರ ಬರುವಷ್ಟರಲ್ಲಿ ಹೊಸ ಹಲ್ಲೇ ಬಂದಿರುತ್ತಿತ್ತು. 1857ರಲ್ಲಿ, ಹದಿನೈದರ ಪ್ರಾಯದಲ್ಲಿ, ಅವಳನ್ನು ಮತ್ತೆ ಇಲ್ಲಿಗೆ ಕರೆಸಿಕೊಂಡರು. ಬರುವ ಹಡಗಿನಲ್ಲಿ ಒಬ್ಬ ಇಂಗ್ಲಿಷ್ ಹುಡುಗನ ಮೇಲೆ ಅವಳಿಗೆ ಮನಸ್ಸಾಯಿತು. ಅಪ್ಪ ಒಪ್ಪಲಿಲ್ಲ. ಅಷ್ಟು ವರ್ಷ ಮಗಳ ಮುಖ ನೋಡದ ಅಪ್ಪ! ಮುಂದೆ ಅವಳೂ ಹುಡುಗಿಯರ ಶಾಲೆಯ ಕೆಲಸಕ್ಕೇ ಇಳಿದಳು, ಮಿಷನರಿಯನ್ನೇ ಮದುವೆಯಾದಳು. ಅವರು ತೀರಿಕೊಂಡ ಮೇಲೆ ಯೋಹಾನೆಸ್ ಹೆಸ್ಸೆ ಎಂಬವರ ಕೈ ಹಿಡಿದಳು. ಆತ ನಮ್ಮ ಮಂಗಳೂರಿನಲ್ಲಿ ಕೆಲಸ ಮಾಡಿ, ಆರೋಗ್ಯ ಕೆಟ್ಟು ಊರಿಗೆ ಹೋದವರು.

ಇವರ ಮಗನೇ ಹರ್ಮನ್ ಹೆಸ್ಸೆ, 1946ರಲ್ಲಿ ನೊಬೆಲ್ ಬಂದ ಲೇಖಕ. ಆರೇಳು ವರ್ಷಕ್ಕೆ ಆ ಹುಡುಗನನ್ನೂ ಬಾಸೆಲ್‌ನಲ್ಲಿ ಮಿಷನ್ನಿನ ಹುಡುಗರ ಮನೆಗೆ ಹಾಕಿದರು. ಅಪ್ಪ ಅಮ್ಮ ಇದ್ದದ್ದು ಅದೇ ಊರಿನಲ್ಲಿ! ಭಾನುವಾರ ಮಾತ್ರ ಮನೆಗೆ ಬರಬಹುದು. ಅಲ್ಲಿ ಕಾಲರಾವೂ ಇಲ್ಲ, ಆಯಾವೂ ಇಲ್ಲ. ಮಕ್ಕಳನ್ನು ದೂರ ಇಡುವುದು ಅಷ್ಟು ಹೊತ್ತಿಗೆ ಅಭ್ಯಾಸವೇ ಆಗಿಹೋಗಿತ್ತು ಅಂತ ನನಗನಿಸುತ್ತದೆ.

ಇತ್ತ ಇಲ್ಲಿನ ಮಕ್ಕಳ ಪಾಡೂ ಸಲೀಸಿರಲಿಲ್ಲ. 1844ರಲ್ಲಿ ಮಂಗಳೂರಿನ ಮಿಷನ್ ಶಾಲೆಯ ಆನಂದರಾವ್ ಕೌಂಡಿನ್ಯ ಇನ್ನಿಬ್ಬರು ಬ್ರಾಹ್ಮಣ ಹುಡುಗರ ಜತೆ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದಾಗ ಊರಲ್ಲಿ ದೊಡ್ಡ ಗಲಾಟೆಯೇ ಆಯಿತು. ಅವರಿಗೆ ಮನೆಯ ಬಾಗಿಲು ಮುಚ್ಚಿತು. ಆಮೇಲೆ ಕೌಂಡಿನ್ಯ ಬಾಸೆಲ್‌ಗೆ ಹೋಗಿ ಓದಿ, ತಾವೇ ಮಿಷನರಿಯಾಗಿ ಬಂದರು.

ನನ್ನ ಕೇಳಿದರೆ ಆ ಮಿಷನರಿ ದಂಪತಿಗಳಿಗೆ ಊಟ, ಬಟ್ಟೆ, ಸೂರಿಗೆ ಕೊರತೆ ಇರಲಿಲ್ಲ. ಹಾಗಂತ ಅವರನ್ನು ತ್ಯಾಗಮೂರ್ತಿಗಳು ಎಂದು ಹೊಗಳುವುದಕ್ಕೂ ನನಗೆ ಬಾಯಿ ಬರುವುದಿಲ್ಲ. ಕಳಿಸುವ ತೀರ್ಮಾನ ದೊಡ್ಡವರದ್ದು, ಹಡಗು ಹತ್ತಿದ್ದು ಮಕ್ಕಳು.

ಇನ್ನೂ ತಿಳಿಯಬೇಕಿದ್ದರೆ ಬಾಸೆಲ್ ಮಿಷನ್ನಿನ ಹಳೆ ಫೋಟೋಗಳು ಆನ್‌ಲೈನ್‌ನಲ್ಲೇ ನೋಡಲು ಸಿಗುತ್ತವೆ. ಮಂಗಳೂರಿಗೆ ಬಂದರೆ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಹಳೆ ದಾಖಲೆಗಳಿವೆ. ಮಿಷನರಿಗಳ ಕಾಗದಗಳನ್ನೇ ಓದುವ ಆಸೆ ಇದ್ದರೆ ಜರ್ಮನ್ ಬಂದರೆ ಸಾಲದು, ಹಳೆ ಕಾಲದ ಕೈಬರಹವನ್ನೂ ಕಲಿಯಬೇಕು. ಅದನ್ನು ಓದಲು ಈಗಿನ ಜರ್ಮನ್ನರೇ ತಡವರಿಸುತ್ತಾರೆ.